ಇವತ್ತಿಗೆ ಎಷ್ಟು ಅಕ್ಕಿ ಸಾಕು?

ಗಣಿಗೆ ಇಳಿಯುವ ಮೊದಲು ಇಲ್ಲಿ ಪ್ರತಿಯೊಬ್ಬರೂ ತಮ್ಮ ಹೆಸರಿನ ಬಿಲ್ಲೆಯನ್ನು ಬೋರ್ಡಿಗೆ ಸಿಕ್ಕಿಸಬೇಕು, ಮೇಲೆ ಬಂದಾಗ ತೆಗೆಯಬೇಕು. ಒಂದು ಬಿಲ್ಲೆ ಅಲ್ಲೇ ಉಳಿದರೂ ಕಲ್ಲು ಒಡೆಯುವ ಮದ್ದು ಹಾರಿಸುವುದಿಲ್ಲ. ಒಳಗೆ ಯಾರೋ ಒಬ್ಬರು ಇದ್ದಾರೆ ಅಂತ ಅದರ ಅರ್ಥ. ಹಟ್ಟಿ ಚಿನ್ನದ ಗಣಿಯಲ್ಲಿ ದುಡಿಯುತ್ತಿದ್ದ ಅಪ್ಪನ ಹತ್ತಿರ ಇಂಥದೇ ಒಂದು ಹಿತ್ತಾಳೆ ಬಿಲ್ಲೆ ಇತ್ತು. ಸಣ್ಣವನಿದ್ದಾಗ ಅದರ ಮೇಲಿನ ನಂಬರು ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

ನನ್ನ ಮನೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಕೆಲಸ ಅಲ್ಲಿಂದ ಸುಮಾರು 600 ಕಿಲೋಮೀಟರ್ ಪೂರ್ವಕ್ಕಿರುವ ಕಲ್ಗೂರ್ಲಿಯ ಆಚೆ, ಒಂದು ಚಿನ್ನದ ಗಣಿಯಲ್ಲಿ. ಹದಿನಾಲ್ಕು ದಿನ ಕ್ಯಾಂಪಿನಲ್ಲಿ, ಏಳು ದಿನ ಮನೆಯಲ್ಲಿ. ಹೋಗುವುದೂ ಬರುವುದೂ ವಿಮಾನದಲ್ಲಿ. ಪಾಳಿ ಹನ್ನೆರಡು ತಾಸಿನದು. ಕ್ಯಾಂಪಿನ ಸಣ್ಣ ತಗಡಿನ ಕೋಣೆಗೆ ಇಲ್ಲಿಯವರು ಡೊಂಗಾ ಅನ್ನುತ್ತಾರೆ. ಮಂಚ, ಟಿವಿ, ಎಸಿ, ಒಂದು ಕಿಟಕಿ, ಕಿಟಕಿಯ ಆಚೆ ಕೆಂಪು ಮಣ್ಣು. ಮೊದಲ ಸಲ ಆ ಮಣ್ಣು ನೋಡಿದಾಗ ನಮ್ಮ ಲಿಂಗಸುಗೂರು ಕಡೆಯ ಮಸಾರಿ ಹೊಲವೇ ಕಣ್ಣಿಗೆ ಬಂತು. ಒಳಗಿನ ಕಲ್ಲೂ ಅದೇ ಜಾತಿಯದು. ಹಟ್ಟಿ-ಮಸ್ಕಿ ಪಟ್ಟಿಯ ಕಲ್ಲಾಗಲಿ, ಇಲ್ಲಿಯ ಕಲ್ಲಾಗಲಿ, ಇನ್ನೂರೈವತ್ತು ಕೋಟಿ ವರ್ಷಕ್ಕಿಂತಲೂ ಹಳೆಯ ಲಾವಾದಿಂದ ಆದದ್ದು. ಆ ಕಲ್ಲಿನ ಸೀಳುಗಳೊಳಗೆ ಚಿನ್ನ. ಒಂದು ಟನ್ ಕಲ್ಲು ಒಡೆದರೆ ಕೈಗೆ ಬರುವುದು ಕೆಲವೇ ಗ್ರಾಂ. ಹಟ್ಟಿಯಲ್ಲಿ ಎರಡು ಸಾವಿರ ವರ್ಷದ ಹಿಂದೆಯೇ ಜನ ಇಳಿದು ಅಗೆದ ಗುರುತುಗಳು ಸಿಕ್ಕಿವೆ. ಕಲ್ಗೂರ್ಲಿಯಲ್ಲಿ ಪ್ಯಾಡಿ ಹ್ಯಾನನ್ ಅನ್ನುವವನಿಗೆ ಚಿನ್ನ ಕಂಡದ್ದು 1893ರಲ್ಲಿ. ಆಮೇಲೆ ಹತ್ತು ವರ್ಷಕ್ಕೆ, ಕುಡಿಯುವ ನೀರನ್ನು ಐನೂರು ಕಿಲೋಮೀಟರಿಗೂ ದೂರದಿಂದ ಪೈಪಿನಲ್ಲಿ ತಂದರು. ಎರಡು ಹೊಳೆಗಳ ನಡುವೆ ಇದ್ದೂ ಬೇಸಿಗೆಯಲ್ಲಿ ಕೊಡ ಹಿಡಿದು ನಿಲ್ಲುವ ರಾಯಚೂರು ಜಿಲ್ಲೆಯವನಿಗೆ ಆ ಪೈಪು ಬರೀ ಪೈಪಾಗಿ ಕಾಣುವುದಿಲ್ಲ.

ಇದೆಲ್ಲ ಹೇಳಿದ್ದು ಊರಿನವರಿಗೆ ಒಂದು ಅಂದಾಜು ಸಿಗಲಿ ಅಂತ. ನಾನು ಬರೆಯಲು ಕೂತದ್ದು ಬೇರೆ ವಿಷಯಕ್ಕೆ.

ಎರಡು ವರ್ಷದ ಹಿಂದಿನ ಎಳ್ಳ ಅಮವಾಸ್ಯೆ. ಊರಲ್ಲಿ ಚಳಿ, ಇಲ್ಲಿ ನಲವತ್ತು ಡಿಗ್ರಿ ದಾಟಿದ ಸೆಕೆ. ರಾತ್ರಿ ಪಾಳಿ ಮುಗಿಸಿ ಡೊಂಗಾದಲ್ಲಿ ಕಿಟಕಿಗೆ ಪರದೆ ಎಳೆದು ಮಲಗಿದ್ದೆ. ಮಧ್ಯಾಹ್ನ ಮೂರೂವರೆಗೆ ಫೋನು. ಊರಲ್ಲಿ ಒಂದು ಗಂಟೆ, ಹೊಲದಲ್ಲಿ ಊಟಕ್ಕೆ ಕೂರುವ ಹೊತ್ತು. ಅವ್ವ ತಂಗಿಯ ಮೊಬೈಲು ಹಿಡಿದು ಹೊಲ ತೋರಿಸುತ್ತಿದ್ದಳು. ತೆನೆ ತುಂಬಿದ ಬಿಳಿ ಜೋಳ, ಕಂಬಳಿ ಮೇಲೆ ಹರವಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಬುತ್ತಿ. ಚರಗ ಚೆಲ್ಲುತ್ತ ನಮ್ಮ ಕಾಕಾ ಕೂಗುವ ಕೂಗು ಗಾಳಿಯಲ್ಲಿ ಒಡೆದು ಒಡೆದು ಕೇಳುತ್ತಿತ್ತು. ಉಣ್ಣುವುದಕ್ಕೆ ಮೊದಲು ಭೂಮಿತಾಯಿಗೆ ಒಂದು ತುತ್ತು, ಹಕ್ಕಿಗೆ ಇರುವೆಗೆ ಒಂದು ತುತ್ತು. ನಾನು "ಹ್ಞೂಂ, ಹ್ಞೂಂ" ಅನ್ನುತ್ತಿದ್ದೆ. ಕಣ್ಣು ಮಾತ್ರ ಲ್ಯಾಪ್‌ಟಾಪಿನ ಮೇಲಿತ್ತು. ಮುಂದಿನ ರಜಾ ವಾರದಲ್ಲಿ ನಾಲ್ಕು ದಿನ ಹೆಚ್ಚಿನ ಪಾಳಿಗೆ ಜನ ಬೇಕು ಅಂತ ಮೇಲ್ ಬಂದಿತ್ತು. ಅದರ ಸಂಬಳವನ್ನು ರೂಪಾಯಿಗೆ ಬದಲಿಸಿ ಲೆಕ್ಕ ಹಾಕುತ್ತಿದ್ದೆ.

ಅವ್ವ ಸ್ವಲ್ಪ ಹೊತ್ತು ಸುಮ್ಮನಾದಳು. ಆಮೇಲೆ ಕೇಳಿದಳು: "ಯಪ್ಪಾ, ನೀ ಅದಿ ಏನು?"

ನೆಟ್‌ವರ್ಕ್ ಹೋಯಿತೇನೋ ಅಂತ ಕೇಳಿದ್ದಳು, ಅಷ್ಟೇ. "ಅದೀನಿ ಬೇ" ಅಂದೆ. ಫೋನಿಟ್ಟ ಮೇಲೆ ಎದೆಯಲ್ಲಿ ಏನೂ ಅಲುಗದೆ ಇದ್ದದ್ದು ಗಮನಕ್ಕೆ ಬಂತು. ಹೊಲ ನೋಡಿದೆ, ಅವ್ವನನ್ನು ನೋಡಿದೆ, ಹಬ್ಬ ನೋಡಿದೆ. ಒಂದು ಹನಿ ಸಂತೋಷವೂ ಇಲ್ಲ, ದುಃಖವೂ ಇಲ್ಲ. ಅವತ್ತು ನನಗೆ ಭಯ ಆಯಿತು.

ಇದು ನನ್ನೊಬ್ಬನ ಕತೆಯಲ್ಲ. ಇಲ್ಲಿ ವಿಮಾನದಲ್ಲಿ ಹೋಗಿಬಂದು ದುಡಿಯುವ ಗಣಿ ಕಾರ್ಮಿಕರ ಮನಸ್ಸಿನ ಆರೋಗ್ಯದ ಬಗ್ಗೆ ಪಶ್ಚಿಮ ಆಸ್ಟ್ರೇಲಿಯಾದ ಶಾಸನಸಭೆಯ ಸಮಿತಿಯೊಂದು ವಿಚಾರಣೆ ನಡೆಸಿ 2015ರಲ್ಲಿ ವರದಿ ಕೊಟ್ಟಿತು. ಕ್ಯಾಂಪುಗಳಲ್ಲಿ ಜೀವ ಕಳೆದುಕೊಂಡವರ ಮನೆಯವರು ಬಂದು ಮಾತಾಡಿದ್ದರು. 2019ರಲ್ಲಿ ಸರಕಾರವೇ ಗಣಿ ಕಂಪನಿಗಳಿಗೆ ಮಾರ್ಗಸೂಚಿ ಹೊರಡಿಸಿತು. ಈಗ ಬೆಳಗಿನ ಸಭೆಯಲ್ಲಿ ಹೆಲ್ಮೆಟ್ಟು, ದೀಪ, ಗಾಳಿಯ ಜೊತೆ "ನಿದ್ದೆ ಹೆಂಗಿದೆ, ಮನೆಯಲ್ಲಿ ಹೆಂಗಿದ್ದಾರೆ" ಅಂತಲೂ ಕೇಳುತ್ತಾರೆ. ನಾನು ಎಲ್ಲದಕ್ಕೂ ಚೆನ್ನಾಗಿದೆ ಅಂತಲೇ ಹೇಳುತ್ತಿದ್ದೆ.

ಮನೆಗೆ ಬಂದಾಗ ಹೆಚ್ಚಿನ ಪಾಳಿಗೆ ಒಪ್ಪಿಕೊಂಡದ್ದನ್ನು ಹೆಂಡತಿಗೆ ಹೇಳಿದೆ. ಅದು ಸಾಲಾಗಿ ಮೂರನೇ ಸಲ. ಅವಳು ಜಗಳ ಮಾಡಲಿಲ್ಲ. ಹಿಟ್ಟು ನಾದುತ್ತ ಕೇಳಿದಳು: "ಎಷ್ಟಾದ್ರ ಸಾಕಾಗ್ತದ್ರಿ ನಮಗ? ಒಂದು ಲೆಕ್ಕ ಹೇಳ್ರಿ. ಅಲ್ಲೀತನ ನಾನೂ ತಡಕೊಳ್ತೀನಿ."

ನನ್ನ ಹತ್ತಿರ ಲೆಕ್ಕ ಇರಲಿಲ್ಲ. ಬೆಳಗಿನಿಂದ ಸಂಜೆತನಕ ಗ್ರಾಂ, ಟನ್ನು, ಡಾಲರು ಎಣಿಸುವವನಿಗೆ ಈ ಒಂದು ಲೆಕ್ಕ ಗೊತ್ತಿರಲಿಲ್ಲ.

ಅವತ್ತು ರಾತ್ರಿ ನೆನಪಿಗೆ ಬಂದದ್ದು ಗುರುಗುಂಟಾದ ಅಮರೇಶ್ವರ. ನಮ್ಮೂರಿಂದ ದೂರವೇನಲ್ಲ, ಜಾತ್ರೆಗೆ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಅಲ್ಲಿಯವರು. ಕಲ್ಯಾಣಕ್ಕೆ ಹೋಗಿ, ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು, ಅದರಲ್ಲೇ ಜಂಗಮರಿಗೆ ದಾಸೋಹ ಮಾಡಿ ಬದುಕಿದ ಗಂಡ-ಹೆಂಡತಿ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಲೆಗೆ ಹಾಕಲಿಲ್ಲ. ಇಷ್ಟು ಅಕ್ಕಿಯ ಆಸೆ ನಮಗೇಕೆ, ತಂದಲ್ಲೇ ಸುರಿದು ಬಾ ಅಂತ ತಿರುಗಿ ಕಳಿಸಿದಳು. ಕತೆ ಅಷ್ಟೇ. ನಮ್ಮ ಕಡೆ ಎಲ್ಲರಿಗೂ ಗೊತ್ತು.

ಕಾಯಕವೇ ಕೈಲಾಸ ಅನ್ನುವ ಮಾತು ಮಾರಯ್ಯನ ವಚನದಲ್ಲಿದೆ. ಕಾಯಕದಲ್ಲಿ ಮುಳುಗಿದಾಗ ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕು ಅನ್ನುತ್ತಾನೆ ಆತ. ಈ ಮಾತನ್ನು ನಾವು ಕಚೇರಿ ಗೋಡೆಗೆ ಹಾಕಿದ್ದೇವೆ, ಬಸ್ಸಿನ ಮೇಲೆ ಬರೆಸಿದ್ದೇವೆ, ಭಾಷಣದಲ್ಲಿ ಹೇಳಿದ್ದೇವೆ. ನಾನೂ ಇದನ್ನೇ ಹಿಡಿದುಕೊಂಡು ಕೂತಿದ್ದೆ. ಪೂಜೆಗೆ ಹೊತ್ತಿಲ್ಲ, ಗೆಳೆಯರಿಗೆ ಹೊತ್ತಿಲ್ಲ, ಇರಲಿ, ಕೆಲಸವೇ ಪೂಜೆ ಅಂತ. ಆದರೆ ಅದೇ ಮನೆಯಲ್ಲಿ, ಅದೇ ಒಲೆಯ ಮುಂದೆ ಲಕ್ಕಮ್ಮ ಹೇಳಿದ ಮಾತನ್ನು ನಾವ್ಯಾರೂ ಗೋಡೆಗೆ ಹಾಕಲಿಲ್ಲ. ಇವರಿಬ್ಬರ ಮಾತು ಒಂದೇ ಸಂಸಾರದ ಮಾತು, ಬಿಡಿಸಿದರೆ ಕೆಡುತ್ತದೆ. ಸಾಕು ಅನ್ನುವವಳು ಮನೆಯಲ್ಲಿ ಇಲ್ಲದಿದ್ದರೆ ಮಾರಯ್ಯನ ಕಾಯಕ ಬರೀ ಓವರ್‌ಟೈಮ್ ಆಗುತ್ತಿತ್ತು. ನನ್ನದು ಆಗಿತ್ತು.

ಇನ್ನೊಂದು ವಿಷಯವೂ ಆ ಕತೆಯಲ್ಲಿ ಇದೆ, ಅದು ನನಗೆ ಹೊಳೆದದ್ದು ತಡವಾಗಿ. ದುಡಿಯುವುದು, ನಾಲ್ಕು ಜನಕ್ಕೆ ಬಡಿಸುವುದು, ದೇವರನ್ನು ನೆನೆಯುವುದು, ತನ್ನನ್ನು ತಾನು ನೋಡಿಕೊಳ್ಳುವುದು, ಇವಕ್ಕೆ ಅವರು ಬೇರೆ ಬೇರೆ ಹೊತ್ತು ಇಟ್ಟಿರಲಿಲ್ಲ. ಒಂದು ಮೊರ ಅಕ್ಕಿಯ ಸುತ್ತಲೇ ಎಲ್ಲ ನಡೆಯಿತು. ನಾನು ರೋಸ್ಟರ್ ಹಾಕಿದ್ದೆ. ಹದಿನಾಲ್ಕು ದಿನ ಕೆಲಸಕ್ಕೆ, ಏಳು ದಿನ ಹೆಂಡತಿ ಮಕ್ಕಳಿಗೆ, ಫೋನಿನಲ್ಲಿ ಹತ್ತು ನಿಮಿಷ ಅವ್ವನಿಗೆ, ಶಿವರಾತ್ರಿಗೆ ಒಂದು ದಿನ ದೇವರಿಗೆ. ನನಗೆ ಅಂತ ಯಾವ ದಿನವೂ ಅದರಲ್ಲಿ ಇರಲಿಲ್ಲ.

ಅಪ್ಪನಿಗೆ ಇದು ಯಾರೂ ಹೇಳಿಕೊಡದೆ ಗೊತ್ತಿತ್ತು. ಪಾಳಿ ಮುಗಿದು ಶಾಫ್ಟಿನಿಂದ ಮೇಲೆ ಬಂದವನು ಮನೆಗೆ ಬಂದರೂ ಒಳಗೆ ಕಾಲಿಡುತ್ತಿರಲಿಲ್ಲ. ಬಾಗಿಲ ಕಟ್ಟೆಯ ಮೇಲೆ ಹತ್ತು ನಿಮಿಷ ಕೂರುತ್ತಿದ್ದ. ಆ ಹತ್ತು ನಿಮಿಷ ಯಾರೂ ಮಾತಾಡಿಸುವಂತಿಲ್ಲ, ಅವ್ವ ಚಹಾ ಸಹ ತರುತ್ತಿರಲಿಲ್ಲ. ಆಮೇಲೆ ಸ್ನಾನ, ವಿಭೂತಿ, ಲಿಂಗಪೂಜೆ. ಆಮೇಲೆ ಪಕ್ಕದ ಮನೆಯ ಚಾಚಾನ ಜೊತೆ ಕೂತು ಚಹಾ. ಇಬ್ಬರೂ ಒಂದೇ ಲೆವೆಲ್ಲಿನಲ್ಲಿ ಕೆಲಸ ಮಾಡಿದವರು. ಮೊಹರಂನಲ್ಲಿ ಮುದಗಲ್ಲಿಗೆ ಒಂದೇ ಟೆಂಪೋದಲ್ಲಿ ಹೋಗಿ, ಅಲಾಯಿ ದೇವರಿಗೆ ಸಕ್ಕರೆ ಓದಿಸಿಕೊಂಡು ಬರುವವರು. ನಾನು ಒಮ್ಮೆ ಅಪ್ಪನನ್ನು ಕೇಳಿದ್ದೆ, ಕಟ್ಟೆ ಮೇಲೆ ಕೂತು ಏನು ಮಾಡ್ತಿ ಅಂತ. "ಏನೂ ಇಲ್ಲಪಾ, ಮ್ಯಾಲ ಬಂದೀನಂತ ನನಗ ನಾನ ಹೇಳ್ಕೊಬೇಕಲ್ಲ" ಅಂದಿದ್ದ. ಅವತ್ತು ನಕ್ಕಿದ್ದೆ. ಅಪ್ಪ ತೀರಿಕೊಂಡು ಎಷ್ಟೋ ವರ್ಷಕ್ಕೆ, ಅವ್ವ ಫೋನಿನಲ್ಲಿ "ನೀ ಅದಿ ಏನು" ಅಂತ ಕೇಳಿದ ಮೇಲೆ, ಆ ಮಾತು ತಿರುಗಿ ಬಂತು.

ಈಗ ಪಾಳಿ ಮುಗಿಸಿ ಡೊಂಗಾದ ಮೆಟ್ಟಿಲ ಮೇಲೆ ಕೂರುತ್ತೇನೆ. ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಫೋನು ಒಳಗಿಟ್ಟು. ಇದಕ್ಕೆ ಧ್ಯಾನ ಅನ್ನಬೇಕೋ ಇಲ್ಲವೋ, ಹೆಸರಿನ ಗೊಡವೆ ನನಗಿಲ್ಲ. ಮೊದಮೊದಲು ಐದು ನಿಮಿಷ ಕೂರುವುದೇ ಕಷ್ಟ ಆಯಿತು. ಒಳಗೆ ಎಷ್ಟು ಗದ್ದಲ ಇದೆ ಅಂತ ಗೊತ್ತಾದದ್ದು ಆಗಲೇ. ಕೆಲವು ದಿನ ಕೂತಲ್ಲೇ ತೂಕಡಿಸಿದೆ, ಕೆಲವು ವಾರ ಬಿಟ್ಟೇಬಿಟ್ಟೆ.

ಬಿಟ್ಟಾಗಲೆಲ್ಲ ಮಸ್ಕಿಯ ಕಲ್ಲು ನೆನಪಾಗುತ್ತದೆ. ಹೈಸ್ಕೂಲಿನಲ್ಲಿದ್ದಾಗ ನೋಡಿದ್ದು. ಚಿನ್ನದ ನಿಕ್ಷೇಪ ಹುಡುಕುತ್ತ ಬಂದ ಬೀಡನ್ ಅನ್ನುವ ಗಣಿ ಎಂಜಿನಿಯರನಿಗೆ 1915ರಲ್ಲಿ ಆ ಅಶೋಕನ ಶಾಸನ ಸಿಕ್ಕಿತು. ದೇವಾನಾಂಪ್ರಿಯ ಅಂತ ಕರೆದುಕೊಂಡ ರಾಜ ಅಶೋಕನೇ ಅನ್ನುವುದನ್ನು ಗಟ್ಟಿ ಮಾಡಿದ್ದು ಅದರ ಮೇಲಿನ ಹೆಸರು. ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು. ಅದರ ಒಳಗಿನ ಮಾತನ್ನು ಯಾರೂ ಹೇಳಿರಲಿಲ್ಲ, ಇಲ್ಲಿಗೆ ಬಂದ ಮೇಲೆ ಓದಿಕೊಂಡೆ. ಕೊಪ್ಪಳದ ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಇರುವ ಶಾಸನ ಇದೇ. ತಾನು ಬುದ್ಧನ ದಾರಿಗೆ ಬಂದು ಎರಡೂವರೆ ವರ್ಷ ದಾಟಿತು, ಮೊದಲು ಒಂದು ವರ್ಷ ಅಷ್ಟು ಶ್ರಮ ಹಾಕಿರಲಿಲ್ಲ, ಆಮೇಲೆ ಸಂಘದ ಬಳಿಗೆ ಹೋದ ಮೇಲೆ ಹಾಕಿದೆ ಅಂತ ಚಕ್ರವರ್ತಿಯೇ ಹೇಳಿಕೊಳ್ಳುತ್ತಾನೆ. ಇದು ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಸಣ್ಣವರಿಗೂ ಸಿಗುತ್ತದೆ ಅಂತಲೂ ಬರೆಸಿದ್ದಾನೆ. ತನ್ನ ಆಲಸ್ಯವನ್ನು ಕಲ್ಲಿನಲ್ಲಿ ಕೆತ್ತಿಸಿ ಊರೂರಿಗೆ ಓದಿಸಿದ ಅರಸ! ಒಂದು ವರ್ಷ ಸಡಿಲ ಬಿಟ್ಟೂ ಮತ್ತೆ ಹಿಡಿದವನು ಆತ. ಒಬ್ಬನೇ ಕೂತು ಹಿಡಿಯಲಿಲ್ಲ, ಜನರ ನಡುವೆ ಹೋಗಿ ಹಿಡಿದ. ನನಗೆ ಬೇಕಾದ ಧೈರ್ಯ ಅದರಲ್ಲಿದೆ.

ಜನ ಅಂದೆನಲ್ಲ. ಮೊದಲು ಊಟದ ಕೋಣೆಯಲ್ಲಿ ಕಿವಿಗೆ ಇಯರ್‌ಫೋನು ಹಾಕಿಕೊಂಡು ಉಣ್ಣುತ್ತಿದ್ದೆ. ಈಗ ಮನೆಯಿಂದ ಹೋಗುವಾಗ ಇಪ್ಪತ್ತು ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗುತ್ತೇನೆ. ಈ ರೊಟ್ಟಿ ಹದಿನಾಲ್ಕು ದಿನ ಕೆಡುವುದಿಲ್ಲ, ನಮ್ಮ ಹಿರಿಯರು ಗಣಿ ಕ್ಯಾಂಪಿಗೆಂದೇ ಮಾಡಿಟ್ಟ ಹಾಗಿದೆ. ಡ್ರಿಲ್ಲಿಂಗ್ ಮಾಡುವ ಒಬ್ಬ ಹಿರಿಯನಿಗೆ ಹಿಂಡಿ ಬಹಳ ಹಿಡಿಸಿತು. ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಮತ್ತೊಂದು ತುಂಡು ಕೇಳುತ್ತಾನೆ. ಮೂರನೆಯ ಸಲ ಜೊತೆ ಕೂತಾಗ ತನ್ನ ಮಗ ಮಾತು ಬಿಟ್ಟು ಆರು ವರ್ಷ ಆಯಿತು ಅಂತ ಹೇಳಿದ. ಅಷ್ಟು ದಿನ ಅದೇ ಬೆಂಚಿನ ಮೇಲೆ ಕೂತಿದ್ದೆವು, ನನಗೆ ಅವನ ಅಡ್ಡಹೆಸರು ಮಾತ್ರ ಗೊತ್ತಿತ್ತು.

ಕೆಲಸದ ರುಚಿಯೂ ತಿರುಗಿ ಬಂತು. ಡ್ರಿಲ್ ಮಾಡಿ ತೆಗೆದ, ಕೋಲಿನಂಥ ಕಲ್ಲಿನ ಕೋರುಗಳನ್ನು ಟ್ರೇಯಲ್ಲಿ ಸಾಲಾಗಿ ಇಟ್ಟಿರುತ್ತಾರೆ. ಒಣಗಿದ್ದಾಗ ಎಲ್ಲ ಒಂದೇ ಬೂದು ಬಣ್ಣ. ನೀರು ಹನಿಸಿದರೆ ಬಿಳಿ ಸ್ಫಟಿಕದ ಗೆರೆ, ಗಂಧಕ ಬೆರೆತ ಖನಿಜದ ಹೊಳಪು, ಕಲ್ಲು ಬಾಗಿದ್ದು ತಿರುಚಿದ್ದು ಎಲ್ಲ ಎದ್ದು ಬರುತ್ತದೆ. ಮೊದಲು ದಿನಕ್ಕೆ ಇಷ್ಟು ಮೀಟರ್ ಮುಗಿಸಬೇಕು ಅಂತ ಓಡುತ್ತಿದ್ದೆ. ಈಗಲೂ ಅಷ್ಟೇ ಮೀಟರ್ ಮುಗಿಸುತ್ತೇನೆ, ಆದರೆ ಪ್ರತಿ ಟ್ರೇಗೆ ನೀರು ಹನಿಸಿದಾಗ ಒಂದು ಉಸಿರಿನಷ್ಟು ಹೊತ್ತು ಸುಮ್ಮನೆ ನೋಡುತ್ತೇನೆ. ಅದು ನನ್ನ ಪೂಜೆ ಅಂತ ಹೇಳಿದರೆ ಅಪ್ಪ ಒಪ್ಪುತ್ತಿದ್ದ ಅನ್ನಿಸುತ್ತದೆ.

ಹೋದ ವರ್ಷ ಎಂಟು ದಿನ ಕೆಲಸ, ಆರು ದಿನ ಮನೆ ಅನ್ನುವ ರೋಸ್ಟರ್‌ಗೆ ಬದಲಾದೆ. ಸಂಬಳ ಕಡಿಮೆಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಕಡಿಮೆಯಾಯಿತು. ಸಾಲದಲ್ಲಿ ಮುಳುಗಿದವರಿಗೆ, ತಂಗಿಯ ಮದುವೆ ತಲೆ ಮೇಲೆ ಇರುವವರಿಗೆ ಇದನ್ನು ಮಾಡಿ ಅಂತ ನಾನು ಹೇಳಲಾರೆ. ಗಲ್ಫಿನಲ್ಲಿ ಎರಡು ವರ್ಷಕ್ಕೊಮ್ಮೆ ಊರು ನೋಡುವ ನಮ್ಮ ಕಡೆಯ ಹುಡುಗರಿಗೆ ರೋಸ್ಟರ್ ಆರಿಸುವ ಸ್ವಾತಂತ್ರ್ಯವೇ ಇಲ್ಲ. ನನಗೆ ಇತ್ತು, ಇದ್ದೂ ಮೂರು ವರ್ಷ ಬಳಸಲಿಲ್ಲ. ಅದೇ ನನಗೆ ಚುಚ್ಚುವುದು.

ಲಿಂಗಸುಗೂರಿನಲ್ಲಿ ಕಟ್ಟಿಸುತ್ತಿದ್ದ ಮನೆಯ ಮೇಲಿನ ಅಂತಸ್ತು ಇದರಿಂದಾಗಿ ನಿಂತಿತು. ಕಂಬದ ಸರಳುಗಳು ಮೇಲೆ ಚಾಚಿಕೊಂಡು ಹಾಗೇ ಇವೆ. ಬಂದು ಹೋದವರು ಕೇಳುತ್ತಾರಂತೆ, ಮಗ ಆಸ್ಟ್ರೇಲಿಯಾದಾಗ ಅದಾನ, ಮನಿ ಯಾಕ ಅರ್ಧಕ್ಕ ನಿಂತದ ಅಂತ. ಇದನ್ನು ಅವ್ವನಿಗೆ ಹೇಗೆ ಹೇಳಲಿ ಅಂತ ಎರಡು ತಿಂಗಳು ಒದ್ದಾಡಿದ್ದೆ. ಮೊನ್ನೆ ಅವಳ ಊಟದ ಹೊತ್ತು ನೋಡಿಕೊಂಡು ವಿಡಿಯೊ ಕಾಲ್ ಮಾಡಿದೆ. ಮಾಳಿಗೆ ಮೇಲೆ ಇದ್ದಳು. ಸರಳಿನಿಂದ ಸರಳಿಗೆ ಹಗ್ಗ ಕಟ್ಟಿ ಸೀರೆ ಒಣಹಾಕಿದ್ದಳು, ಕೆಳಗೆ ಕೆಂಪಗೆ ಮೆಣಸಿನಕಾಯಿ ಹರವಿತ್ತು.

"ಇರ್ಲಿ ಬಿಡಪಾ," ಅಂದಳು, "ಮ್ಯಾಲ ಮನಿ ಆಗಿದ್ರ ಇವನ್ನ ಎಲ್ಲಿ ಒಣಾ ಹಾಕ್ತಿದ್ದೆ? ನೀ ಉಂಡೇನು?"

ಆಮೇಲೆ ಇಬ್ಬರೂ ಹದಿನೈದು ನಿಮಿಷ ಮೆಣಸಿನಕಾಯಿ ತೊಟ್ಟು ಬಿಡಿಸಿದೆವು. ಬಿಡಿಸಿದ್ದು ಅವಳು, ನಾನು ನೋಡುತ್ತಿದ್ದೆ.