ದಶಮಾಂಶ ಒಟ್ಟು ಸಂಬಳದ ಮೇಲೋ, ಕೈಗೆ ಬಂದದ್ದರ ಮೇಲೋ?

ಆರಾಧನೆ ಮುಗಿದು ಬಾಗಿಲು ದಾಟುವಷ್ಟರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ದಶಮಾಂಶವನ್ನು, ಅಂದರೆ ದೇವರಿಗೆಂದು ಸಭೆಗೆ ಕೊಡುವ ಆದಾಯದ ಹತ್ತನೆಯ ಪಾಲನ್ನು, ಒಟ್ಟು ಸಂಬಳಕ್ಕೆ ಹಾಕಬೇಕೋ, ಕಡಿತವೆಲ್ಲ ಆಗಿ ಕೈಗೆ ಬಂದದ್ದಕ್ಕೋ? ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಒಮ್ಮೆ ಬರೆದಿಡುತ್ತೇನೆ.

ಯಾವುದಾದರೂ ಒಂದನ್ನು ಹಿಡಿಯಿರಿ, ಹಿಡಿದದ್ದನ್ನು ನಡುವೆ ಬದಲಿಸಬೇಡಿ. ಸಂಬಳ 100 ಎಂದಿಟ್ಟುಕೊಳ್ಳಿ. ತೆರಿಗೆಗೆ 10, ನಿವೃತ್ತಿ ನಿಧಿಗೆ 10 ಹೋಗಿ ಕೈಗೆ 80 ಬರುತ್ತದೆ. ಒಟ್ಟಿನ ಮೇಲಾದರೆ 10, ಕೈಗೆ ಬಂದದ್ದರ ಮೇಲಾದರೆ 8. ಇಷ್ಟು ವಾದವೂ ಆ 2ಕ್ಕಾಗಿ. ಒಟ್ಟಿನ ಮೇಲೆ ಕೊಟ್ಟವರು ಮುಂದೆ ನಿವೃತ್ತಿ ನಿಧಿ ಕೈಗೆ ಬಂದಾಗ ತಮ್ಮ ಸಂಬಳದಿಂದ ಕಡಿತವಾದ ಅಸಲಿನ ಮೇಲೆ ಮತ್ತೆ ಕೊಡಬೇಕಿಲ್ಲ. ಬಡ್ಡಿಗೂ ಮಾಲೀಕರು ಸೇರಿಸಿದ ಪಾಲಿಗೂ ಲೆಕ್ಕ ಹಾಕಿದರೆ ಸಾಕು. ಕೈಗೆ ಬಂದದ್ದರ ಮೇಲೆ ಕೊಟ್ಟವರಿಗೆ ಆ ಇಡೀ ಮೊತ್ತ ಅಂದಿನ ಆದಾಯ. ಸಾಲ ತಂದ ಹಣ ಆದಾಯವಲ್ಲ, ಅದಕ್ಕೆ ದಶಮಾಂಶವಿಲ್ಲ. ವ್ಯಾಪಾರ, ಬೇಸಾಯದವರು ಬಂಡವಾಳ, ಬೀಜ, ಗೊಬ್ಬರ, ಆಳಿನ ಕೂಲಿ ಕಳೆದು ಉಳಿದದ್ದನ್ನು ಹಿಡಿಯಬೇಕು. ಮನೆ ಖರ್ಚನ್ನು ಮಾತ್ರ ಕಳೆಯಬಾರದು. ಕಳೆಯುತ್ತಾ ಹೋದರೆ ಯಾವ ತಿಂಗಳೂ ಏನೂ ಉಳಿಯುವುದಿಲ್ಲ. ಆದಾಯ ಏರಿಳಿಯುವವರು ಹಿಂದಿನ 3 ತಿಂಗಳ ಸರಾಸರಿ ಹಿಡಿದು ಕೊಟ್ಟು, ವರ್ಷದ ಕೊನೆಗೆ ಹೆಚ್ಚುಕಡಿಮೆ ಸರಿದೂಗಿಸಲಿ.

ಇಷ್ಟು ಹೇಳಿದ ಮೇಲೂ ಬರುವ ಮಾತು: "ಆದರೆ ಬೈಬಲಿನ ಪ್ರಕಾರ ಯಾವುದು ಸರಿ?" ಈ ಧಾಟಿಯೇ ನನಗೆ ಸಿಟ್ಟು ತರಿಸುತ್ತದೆ. ಎಲ್ಲೋ ಒಂದು ವಚನದಲ್ಲಿ ಸಂಬಳದ ಚೀಟಿಯ ವಿವರ ಇದೆ, ನಾನು ಅದನ್ನು ಮುಚ್ಚಿಡುತ್ತಿದ್ದೇನೆ ಎಂಬಂತೆ ಕೇಳುತ್ತಾರೆ. ಯಾಜಕಕಾಂಡ 27 ತೆರೆದು ನೋಡಿ. ಅಲ್ಲಿರುವುದು ಹೊಲದ ಬೆಳೆ, ಮರದ ಹಣ್ಣು, ದನ, ಕುರಿ. ಕೂಲಿಯ ಮಾತಿಲ್ಲ. ಹಿಂಡು ಕೋಲಿನ ಕೆಳಗೆ ಹಾಯುವಾಗ ಹತ್ತನೆಯದು ದೇವರದು. ಒಂಬತ್ತೇ ಇದ್ದವನ ಹಿಂಡಿನಲ್ಲಿ ಹತ್ತನೆಯದೇ ಇಲ್ಲ. ಬೆಳೆಯ ಪಾಲನ್ನು ಬಿಡಿಸಿಕೊಳ್ಳಬೇಕೆಂದರೆ ಅದರ ಬೆಲೆಗೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕಿತ್ತು. ಅರಣ್ಯಕಾಂಡ 18ರಲ್ಲಿ ದಶಮಾಂಶ ದೇವರ ಸೇವೆಗೆ ಮೀಸಲಾದ ಕುಲದವರಾದ ಲೇವಿಯರಿಗೆ ಹೋಗುತ್ತದೆ, ಲೇವಿಯರು ಅದರಲ್ಲಿ ಹತ್ತನೆಯ ಪಾಲನ್ನು ಯಾಜಕನಿಗೆ ಕೊಡುತ್ತಾರೆ, ಪಡೆದವರೂ ಕೊಡುವವರೇ. ಧರ್ಮೋಪದೇಶಕಾಂಡ 14ರಲ್ಲಿ ಮನೆಯವರೆಲ್ಲ ದೇವರ ಸನ್ನಿಧಿಯಲ್ಲಿ ಕೂತು ಉಣ್ಣುವ ದಶಮಾಂಶವಿದೆ. ಮೂರು ವರ್ಷಕ್ಕೊಮ್ಮೆ ಊರಲ್ಲೇ ಕೂಡಿಟ್ಟು ಲೇವಿಯ, ಪರದೇಶಿ, ಅನಾಥ, ವಿಧವೆಗೆ ಕೊಡುವ ದಶಮಾಂಶವಿದೆ. ಇವೆಲ್ಲ ಬೇರೆಬೇರೆ ಎಂದು ಲೆಕ್ಕ ಹಾಕಿದವರಿಗೆ ಮೊತ್ತ ಹತ್ತಕ್ಕೆ ನಿಲ್ಲಲಿಲ್ಲ. ಅಪೊಸ್ತಲ ಪೌಲನಂತೂ ಕೊರಿಂಥದ ಸಭೆಯವರಿಗೆ ಶೇಕಡಾವನ್ನೇ ಹೇಳಲಿಲ್ಲ: ವಾರದ ಮೊದಲನೆಯ ದಿನ, ಅವರವರ ಸಂಪಾದನೆಗೆ ತಕ್ಕಂತೆ ತೆಗೆದಿಡಿ ಎಂದ (1 ಕೊರಿಂಥ 16). ಇಲ್ಲದ್ದನ್ನು ಕೊಡಬೇಕಿಲ್ಲ, ಇದ್ದದ್ದಕ್ಕೆ ತಕ್ಕಂತೆ ಕೊಟ್ಟರೆ ಸಾಕು ಎಂದ (2 ಕೊರಿಂಥ 8). ತಂದೆತಾಯಿಯ ಔಷಧಿಗೆ ಹಣವಿಲ್ಲದೆ ಕಾಣಿಕೆ ಚೀಲಕ್ಕೆ ಹಾಕುವವರು ಮಾರ್ಕ 7ರಲ್ಲಿ ಯೇಸು ಕೊರ್ಬಾನಿನ ಬಗ್ಗೆ, ಅಂದರೆ ದೇವರಿಗೆ ಮೀಸಲು ಎಂದು ಹೇಳಿ ತಂದೆತಾಯಿಗೆ ನೆರವು ತಪ್ಪಿಸುವುದರ ಬಗ್ಗೆ, ಆಡಿದ ಮಾತನ್ನು ಓದಬೇಕು.

ಯಾರೂ ನನ್ನನ್ನು ಕೇಳದ ಪ್ರಶ್ನೆ ಬೇರೆ ಇದೆ: ಚೀಲಕ್ಕೆ ಬಿದ್ದ ಮೇಲೆ ಆ ಹಣ ಏನಾಗುತ್ತದೆ?

ದಶಮಾಂಶವನ್ನೆಲ್ಲ ಉಗ್ರಾಣಕ್ಕೆ ತನ್ನಿ ಎನ್ನುವ ಮಲಾಕಿಯ 3ನ್ನು ಎಲ್ಲ ಪೀಠಗಳಿಂದಲೂ ಓದುತ್ತಾರೆ. ಅದರ ಜೊತೆಗೇ ನೆಹೆಮೀಯ 13ನ್ನು ಓದಬೇಕು. ದೇವಾಲಯದಲ್ಲಿ ದಶಮಾಂಶದ ಧಾನ್ಯ ಇಡುವ ಕೋಣೆಯನ್ನು ಯಾಜಕ ಎಲ್ಯಾಷೀಬನು ತನ್ನ ಸಂಬಂಧಿ ಟೋಬೀಯನಿಗೆ ಬಿಟ್ಟುಕೊಟ್ಟಿದ್ದ. ಲೇವಿಯರ ಪಾಲು ಸಂದಾಯವಾಗದೆ ಅವರು ತಮ್ಮ ಹೊಲಗಳಿಗೆ ಓಡಿಹೋಗಿದ್ದರು. ಯೆಹೂದದ ಅಧಿಪತಿ ನೆಹೆಮೀಯ ಇದಕ್ಕೆ ಜನರನ್ನು ಬೈಯಲು ಹೋಗಲಿಲ್ಲ. ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡ, ಟೋಬೀಯನ ಸಾಮಾನನ್ನು ಹೊರಗೆಸೆದ, ಉಗ್ರಾಣಕ್ಕೆ ಒಬ್ಬ ಯಾಜಕ, ಒಬ್ಬ ಶಾಸ್ತ್ರಿ, ಒಬ್ಬ ಲೇವಿಯ, ಅವರಿಗೊಬ್ಬ ಸಹಾಯಕ ಎಂದು ನಂಬಿಗಸ್ತರನ್ನು ನೇಮಿಸಿದ. ಒಬ್ಬನ ಕೈಗೆ ಕೊಡಲಿಲ್ಲ.

ಇಂದಿನ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಇದರ ರೂಪ ಹೀಗಿರಬೇಕು. ಎಣಿಸುವವರು ಇಬ್ಬರಿಗೆ ಕಡಿಮೆ ಇರಬಾರದು, ಅವರು ಒಂದೇ ಮನೆಯವರಾಗಿರಬಾರದು, ವಾರವಾರವೂ ಅದೇ ಜೋಡಿ ಕೂರಬಾರದು. ಹಣ ಕಟ್ಟಡ ಬಿಡುವ ಮುಂಚೆಯೇ ನೋಟು, ನಾಣ್ಯಗಳನ್ನು ಮುಖಬೆಲೆಯಂತೆ ಬೇರ್ಪಡಿಸಿ ಎಣಿಸಿ, ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಲಕೋಟೆಯ ಮೇಲಿನ ಮೊತ್ತಕ್ಕೂ ಒಳಗಿನ ಹಣಕ್ಕೂ ತಾಳೆಯಾಗದಿದ್ದರೆ ಆಗಲೇ ಲಕೋಟೆಯ ಮೇಲೆ ಗುರುತು ಹಾಕಬೇಕು. ಹಾಳೆಯ ಒಂದು ಪ್ರತಿ ಖಜಾಂಚಿಗೆ, ಇನ್ನೊಂದು ಹಣ ಮುಟ್ಟದ ಹಿರಿಯರೊಬ್ಬರಿಗೆ. ತಿಂಗಳಿಗೊಮ್ಮೆ ಆ ಹಿರಿಯರು ತಮ್ಮ ಹಾಳೆಗಳನ್ನು ಬ್ಯಾಂಕಿನ ಲೆಕ್ಕದೊಂದಿಗೆ ಹೋಲಿಸಬೇಕು. ಖಜಾಂಚಿಯೇ ಹೋಲಿಸಿಕೊಂಡರೆ ಅದು ತಪಾಸಣೆಯಲ್ಲ.

ಹೆಚ್ಚಾಗಿ ಕೆಡುವುದು ಇಲ್ಲಿ: ಕಾಣಿಕೆ ಬ್ಯಾಂಕಿಗೆ ಹೋಗುವ ಮುಂಚೆಯೇ ಅದರಿಂದ ಕರೆಂಟ್ ಬಿಲ್ಲು ಕಟ್ಟುವುದು, ಅತಿಥಿ ಬೋಧಕರ ಪ್ರಯಾಣದ ಖರ್ಚು ಕೊಡುವುದು. ಯಾರೂ ಕದ್ದಿಲ್ಲ, ಆದರೆ ಆದಾಯವೂ ಖರ್ಚೂ ಎರಡೂ ಪುಸ್ತಕದಲ್ಲಿ ಬೀಳುವುದಿಲ್ಲ, ನಾಳೆ ಅನುಮಾನ ಬಂದರೆ ನಿರಪರಾಧಿಗೂ ತೋರಿಸಲು ಏನೂ ಇರುವುದಿಲ್ಲ. ಬಂದದ್ದೆಲ್ಲ ಮೊದಲು ಬ್ಯಾಂಕಿಗೆ, ಖರ್ಚೆಲ್ಲ ಬ್ಯಾಂಕಿನಿಂದ, ರಸೀದಿಯ ಸಮೇತ. ಚೆಕ್ಕಿಗೆ ಎರಡು ಸಹಿ ಬೇಕೆಂಬ ನಿಯಮವಿಟ್ಟು, ಒಬ್ಬರಿಂದ ಖಾಲಿ ಚೆಕ್ಕುಗಳ ಮೇಲೆ ಮುಂಗಡ ಸಹಿ ಪಡೆದಿಟ್ಟುಕೊಂಡರೆ ಆ ನಿಯಮ ಸತ್ತ ಹಾಗೆ. ಗೋಡೆಯ ಮೇಲಿನ ಕ್ಯೂಆರ್ ಕೋಡ್ ಸಭೆಯ ಖಾತೆಯದಾಗಿರಬೇಕು. ಪಾಸ್ಟರ್ ಎಷ್ಟೇ ಒಳ್ಳೆಯವರಾದರೂ ಅವರ ಸ್ವಂತ ಖಾತೆಯದಲ್ಲ. ಕಟ್ಟಡಕ್ಕೆಂದು ಕೊಟ್ಟ ಹಣವನ್ನು "ಮುಂದಿನ ತಿಂಗಳು ತುಂಬೋಣ" ಎಂದು ಸಂಬಳಕ್ಕೆ ತೆಗೆದರೆ ಅಡಿಪಾಯ ತೋಡುವ ದಿನ ಅದು ಅಲ್ಲಿರುವುದಿಲ್ಲ. ಯಾರು ಎಷ್ಟು ಕೊಟ್ಟರೆಂಬುದು ರಸೀದಿ ಬರೆಯುವವರಿಗೆ ಮತ್ತು ಲೆಕ್ಕ ತಪಾಸಣೆ ಮಾಡುವವರಿಗೆ ಬಿಟ್ಟು ಬೇರೆಯವರಿಗೆ ತಿಳಿಯಬೇಕಿಲ್ಲ. ಪಾಸ್ಟರಿಗಂತೂ ತಿಳಿಯದಿರುವುದೇ ಒಳ್ಳೆಯದೆಂದು ನನ್ನ ಗಟ್ಟಿ ಅಭಿಪ್ರಾಯ.

ಲೆಕ್ಕ ಕೇಳುವುದು ಅವಿಶ್ವಾಸ ಎನ್ನುವವರಿದ್ದಾರೆ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಪೌಲ ಒಬ್ಬನೇ ಹೊತ್ತೊಯ್ಯಲಿಲ್ಲ. ಯಾರೂ ತಪ್ಪು ಹುಡುಕದಂತೆ ಸಭೆಗಳೇ ಆರಿಸಿದ ಒಬ್ಬ ಸಹೋದರನನ್ನು ಜೊತೆಗಿಟ್ಟುಕೊಂಡ. ಅಪೊಸ್ತಲನಿಗೆ ಬೇಕಾದದ್ದು ನಿಮ್ಮ ಖಜಾಂಚಿಗೆ ಬೇಡವೇ?

ಹಾಗಾದರೆ ಲೆಕ್ಕ ತೋರಿಸದ ಸಭೆಗೆ ಕೊಡಬೇಕೇ? ಮೊದಲು ಬರವಣಿಗೆಯಲ್ಲಿ ಕೇಳಿ, ವಾರ್ಷಿಕ ಸಭೆಯವರೆಗೆ ಕಾಯಿರಿ. ಆಗಲೂ ಪುಸ್ತಕ ತೆರೆಯದಿದ್ದರೆ ನಿಮ್ಮ ಪಾಲನ್ನು ವಿಧವೆಗೆ, ಅನಾಥನಿಗೆ ನೇರವಾಗಿ ಕೊಡಿ. ಹಿರಿಯರಿಗೆ ಹೇಳಿಯೇ ಕೊಡಿ. ಗುಟ್ಟಾಗಿ ನಿಲ್ಲಿಸಿದರೆ ಅವರಿಗೆ ಕಾಣಿಕೆ ಇಳಿದದ್ದು ಕಾಣುತ್ತದೆ, ಕಾರಣ ಕಾಣುವುದಿಲ್ಲ.