ಘಟ್ಟದ ಊರಿನ ಕಾರು: ಬ್ಯಾಟರಿಯೋ, ಹೈಡ್ರೋಜನ್ನೋ?

ಇನ್ನು ಹದಿನೈದು ವರ್ಷಗಳಲ್ಲಿ ಚಿಕ್ಕಮಗಳೂರಿನ ಮನೆಗಳ ಮುಂದೆ ಎಂಥ ಕಾರು ನಿಂತಿರುತ್ತದೆ ಎಂದು ಯಾರಾದರೂ ಕೇಳಿದರೆ, ಬ್ಯಾಟರಿ ಕಾರು ಎಂದು ಹೇಳಲು ನಾನು ಹಿಂಜರಿಯುವುದಿಲ್ಲ. 2022ರಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿಯವರು ಟೊಯೋಟಾ ಮಿರಾಯ್ ಕಾರಿನಲ್ಲಿ ಸಂಸತ್ತಿಗೆ ಬಂದಿಳಿದಾಗ, ಹೊಗೆಯ ಬದಲು ನೀರನ್ನು ಹೊರಬಿಡುವ ಹೈಡ್ರೋಜನ್ ಕಾರು ಬೇಗನೆ ನಮ್ಮಲ್ಲಿಗೂ ಬರುತ್ತದೆ ಎಂಬ ಮಾತು ಹಬ್ಬಿತ್ತು. ಐದು ನಿಮಿಷದಲ್ಲಿ ಅನಿಲ ತುಂಬಿಸಿಕೊಂಡು 600 ಕಿ.ಮೀ. ಸಾಗಬಲ್ಲ ಕಾರು ಯಾರಿಗೆ ಬೇಡ?

ಆದರೆ ವಿದ್ಯುತ್ತಿನ ಲೆಕ್ಕ ಹಾಕಿದರೆ ಉತ್ಸಾಹ ತಗ್ಗುತ್ತದೆ. ನೀರನ್ನು ವಿಭಜಿಸಿ ಒಂದು ಕಿಲೋ ಹೈಡ್ರೋಜನ್ ಪಡೆಯಲು 50ರಿಂದ 55 ಯೂನಿಟ್ ವಿದ್ಯುತ್ ಬೇಕು. ಅದನ್ನು ವಾತಾವರಣದ ಒತ್ತಡದ 700 ಪಟ್ಟು ಒತ್ತಿ ಟ್ಯಾಂಕಿಗೆ ತುಂಬುವ ಖರ್ಚು ಬೇರೆ. ಆ ಒಂದು ಕಿಲೋದಲ್ಲಿ ಕಾರು ನೂರು ಕಿ.ಮೀ.ಗಿಂತ ತುಸು ಹೆಚ್ಚು ಓಡುತ್ತದೆ. ಅಷ್ಟೇ ವಿದ್ಯುತ್ತನ್ನು ನೇರವಾಗಿ ಬ್ಯಾಟರಿಗೆ ಕೊಟ್ಟರೆ, ಯೂನಿಟ್ಟಿಗೆ ಆರು ಕಿ.ಮೀ. ಎಂದು ಹಿಡಿದರೂ, 300 ಕಿ.ಮೀ. ದಾಟಬಹುದು. ಇದರ ಮೇಲೆ ಬಂಕುಗಳ ಪ್ರಶ್ನೆಯಿದೆ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ ಹರಿಸುವ ಕೊಳವೆಮಾರ್ಗವಿದೆ. ಹೈಡ್ರೋಜನ್‌ಗೆ ಅಂಥದ್ದೆಲ್ಲವನ್ನೂ ಹೊಸದಾಗಿ ಕಟ್ಟಬೇಕು. ಶ್ರೀಮಂತ ಕ್ಯಾಲಿಫೋರ್ನಿಯಾದಲ್ಲಿಯೇ 2024ರಲ್ಲಿ ಶೆಲ್ ಕಂಪನಿ ಕಾರುಗಳಿಗೆಂದು ನಡೆಸುತ್ತಿದ್ದ ತನ್ನ ಹೈಡ್ರೋಜನ್ ಬಂಕುಗಳನ್ನು ಮುಚ್ಚಿತು. ಇತ್ತ 2010ರಲ್ಲಿ ಯೂನಿಟ್ ಸಾಮರ್ಥ್ಯಕ್ಕೆ ಸಾವಿರ ಡಾಲರ್ ಮೀರಿದ್ದ ಬ್ಯಾಟರಿಯ ಸರಾಸರಿ ಬೆಲೆ 2024ರ ಹೊತ್ತಿಗೆ ಸುಮಾರು 115 ಡಾಲರಿಗೆ ಇಳಿದಿದೆ.

ಹೈಡ್ರೋಜನ್ನಿಗೆ ಕೆಲಸವೇ ಇಲ್ಲವೆಂದಲ್ಲ. 2023ರಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ (ಬಿಸಿಲು, ಗಾಳಿಯಂಥ ಮೂಲಗಳ ವಿದ್ಯುತ್ತಿನಿಂದ ತಯಾರಿಸುವ ಹೈಡ್ರೋಜನ್) ಯೋಜನೆಗೆ ಒಪ್ಪಿಗೆ ಕೊಟ್ಟದ್ದು ಸರಿಯೇ; ಆದರೆ ಅದು ಸಲ್ಲಬೇಕಾದದ್ದು ಗೊಬ್ಬರ, ಉಕ್ಕು, ತೈಲ ಸಂಸ್ಕರಣೆಗಳಿಗೆ.

ನಮ್ಮ ಭಾಗದವರು ಬ್ಯಾಟರಿ ಕಾರಿನ ಬಗ್ಗೆ ಎತ್ತುವ ಮೊದಲ ಆಕ್ಷೇಪ ಘಟ್ಟದ್ದು. ಒಂದೂವರೆ ಟನ್ ತೂಕದ ಕಾರು 800 ಮೀಟರ್ ಎತ್ತರ ಏರಲು, ಸಮತಟ್ಟು ರಸ್ತೆಯಲ್ಲಿಯೂ ತಗಲುವ ಖರ್ಚಿನ ಜೊತೆಗೆ, ಮೂರು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಬೇಕಾಗುತ್ತದೆ, ಅಂದರೆ ಇಪ್ಪತ್ತು ಕಿ.ಮೀ. ಓಟದಷ್ಟು. ಇಳಿಯುವಾಗ ಮೋಟಾರೇ ಬ್ರೇಕಿನ ಕೆಲಸ ಮಾಡಿ ಅದರಲ್ಲಿ ಒಳ್ಳೆಯ ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. (ಕೊಟ್ಟಿಗೆಹಾರದಲ್ಲಿ ಪೂರ್ತಿ ಚಾರ್ಜ್ ಮಾಡಿಕೊಂಡು ಚಾರ್ಮಾಡಿ ಇಳಿಯುವುದು ಜಾಣತನವಲ್ಲ; ತುಂಬಿದ ಬ್ಯಾಟರಿಯಲ್ಲಿ ಮರಳಿ ಬಂದ ವಿದ್ಯುತ್ತಿಗೆ ಜಾಗವಿರುವುದಿಲ್ಲ.)

ಎಲ್ಲರೂ ಬೆಂಗಳೂರೇ ಮೊದಲು ಬದಲಾಗುತ್ತದೆ ಎನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. ಅಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಒಂದು ಪ್ಲಗ್ ಹಾಕಿಸಿಕೊಳ್ಳಲು ಸಂಘದ ಸಭೆಯೇ ಸೇರಬೇಕು. ಇಲ್ಲಿಯಾದರೋ ಸ್ವಂತ ಅಂಗಳವಿದೆ, ಸ್ವಂತ ಮೀಟರ್ ಇದೆ. 30 ಯೂನಿಟ್ಟಿನ ಬ್ಯಾಟರಿಯನ್ನು ಮನೆಯ 3.3 ಕಿಲೋವ್ಯಾಟ್ ಚಾರ್ಜರ್ ಒಂದು ರಾತ್ರಿಯಲ್ಲಿ ತುಂಬಿಸುತ್ತದೆ, ಮತ್ತು ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಕೈಕೊಟ್ಟಾಗ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಯಿಸುವ ಹತ್ತು ಎಚ್.ಪಿ. ಪಂಪು ಎಳೆಯುವ ವಿದ್ಯುತ್ತಿನ ಅರ್ಧದಷ್ಟೂ ಅದಕ್ಕೆ ಬೇಡ. ನಿಜವಾದ ಅಡ್ಡಿ ಮಳೆಗಾಲ. ತಂತಿಯ ಮೇಲೆ ಮರ ಬಿದ್ದು ದಿನಗಟ್ಟಲೆ ಕತ್ತಲಾಗುವ ಮೂಡಿಗೆರೆ, ಕೊಪ್ಪದ ಒಳಹಳ್ಳಿಗಳಲ್ಲಿ ಬ್ಯಾಟರಿ ಕಾರೊಂದನ್ನೇ ನೆಚ್ಚಿಕೊಳ್ಳುವ ಧೈರ್ಯ ಸುಲಭವಾಗಿ ಬರುವುದಿಲ್ಲ. ಹೀಗಾಗಿ ಪೇಟೆಯ ಮನೆಗಳು ಮೊದಲು, ಪ್ರವಾಸಿಗರ ಒತ್ತಾಯಕ್ಕೆ ಹೋಮ್‌ಸ್ಟೇಗಳು ಆಮೇಲೆ ಬದಲಾಗುತ್ತವೆ ಎಂಬುದು ನನ್ನ ಅಂದಾಜು. ಕೆಸರಿನಲ್ಲಿ ಆಳುಗಳನ್ನೂ ಗೊಬ್ಬರದ ಚೀಲಗಳನ್ನೂ ಹೊತ್ತು ತಿರುಗುವ ತೋಟದ ಡೀಸೆಲ್ ಜೀಪು ಎಲ್ಲಕ್ಕಿಂತ ಕೊನೆಗೆ ಹೋಗುತ್ತದೆ, ಮತ್ತು ಅದರ ಜಾಗಕ್ಕೆ ಬರುವುದೂ ಹೈಡ್ರೋಜನ್ ಜೀಪಂತೂ ಆಗಿರುವುದಿಲ್ಲ.