45,000ದೊಳಗೆ ಹಳೆ ಎಲೆಕ್ಟ್ರಿಕ್ ಸ್ಕೂಟರ್: ನೀರ್ಚಾಲಿನ ಏರಿಗೆ ಹೊಂದುವ ಗಾಡಿ ಹುಡುಕಿದ ಕಥೆ

ವಿಷು ಕಳೆದ ವಾರ

ಬಜೆಟ್ 45,000 ರೂಪಾಯಿ. ಗಾಡಿ, ಆರ್‌ಸಿ ವರ್ಗಾವಣೆ, ಇನ್ಶೂರೆನ್ಸ್, ಬೇಕಾದರೆ ಒಂದು ಟಯರ್, ಎಲ್ಲ ಇದರಲ್ಲೇ ಮುಗಿಯಬೇಕು. ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಒಳಭಾಗದಲ್ಲಿರುವ ನಮ್ಮ ಮನೆಯಿಂದ ಕುಂಬಳೆ ರೈಲ್ವೆ ಸ್ಟೇಷನ್‌ಗೆ ಹೋಗಿ ಸಂಜೆ ವಾಪಸ್ ಬಂದರೆ ಸುಮಾರು 25 ಕಿ.ಮೀ. ಅಲ್ಲಿಂದ ಮಂಗಳೂರಿಗೆ ರೈಲು ಇದೆ. ಇಷ್ಟು ದೂರಕ್ಕೆ ಯಾವ ಹಳೆ ಗಾಡಿಯಾದರೂ ಸಾಕು. ಆದರೆ ಮನೆ ಇರುವುದು ತೋಟದ ತಳದಲ್ಲಿ, ಡಾಮರು ರಸ್ತೆ ಇರುವುದು ಗುಡ್ಡೆಯ ಮೇಲೆ. ನಮ್ಮ ಕಡೆ ಹೆಚ್ಚಿನವರ ಮನೆ ಹಾಗೇ ಅಲ್ವಾ? ನಡುವೆ ಇರುವ ಕೆಂಪುಮಣ್ಣಿನ ಏರು ಎಂಟು ಅಡಿಗೆ ಒಂದು ಅಡಿಯಂತೆ ಮೇಲೆ ಹೋಗುತ್ತದೆ. ಗಾಡಿ ಆರಿಸುವುದು ಆ ಏರು, ನಾನಲ್ಲ.

ಮೊದಲು ಸಿಕ್ಕಿದ್ದು ಕಾಸರಗೋಡು ಪೇಟೆಯಲ್ಲಿ, ನಂಬರ್ ಪ್ಲೇಟ್ ಇಲ್ಲದ ಒಂದು ಗಾಡಿ. 18,000. ಲೈಸೆನ್ಸ್ ಬೇಡ, ರಿಜಿಸ್ಟ್ರೇಷನ್ ಬೇಡ. ಮೋಟಾರ್ 250 ವ್ಯಾಟ್ ಮೀರಬಾರದು, ವೇಗ 25 ಕಿ.ಮೀ. ದಾಟಬಾರದು ಎಂಬ ನಿಯಮದೊಳಗೆ ಬರುವ ಜಾತಿ. ಕಾಗದ ಹಿಡಿದು ಲೆಕ್ಕ ಹಾಕಿದೆ. ಗಾಡಿ 70 ಕಿಲೋ, ನಾನು 70 ಕಿಲೋ. ನಮ್ಮ ಏರಿನಲ್ಲಿ 250 ವ್ಯಾಟ್‌ಗೆ ಸಿಗುವ ವೇಗ ಗಂಟೆಗೆ 5 ಕಿ.ಮೀ. ಆಸುಪಾಸು. ಅದಕ್ಕಿಂತ ನಡೆದು ಹೋಗುವುದು ವಾಸಿ. ಸ್ವಲ್ಪ ಹೊತ್ತು ಮೋಟಾರ್ ಜಾಸ್ತಿ ಎಳೆಯಬಹುದು, ಆದರೆ ದಿನಾ ಹಾಗೆ ಎಳೆಸಿದರೆ ಒಳಗಿನ ತಂತಿ ಸುರುಳಿ (ವೈಂಡಿಂಗ್) ಸುಟ್ಟು ಕೈಗೆ ಬರುತ್ತದೆ. ಬ್ಯಾಟರಿಯೂ ಲೆಡ್ ಆಸಿಡ್. ಜೋರಾಗಿ ಕರೆಂಟ್ ಎಳೆದಷ್ಟೂ ಅದರ ಸಾಮರ್ಥ್ಯ ಕಡಿಮೆಯಾಗುತ್ತದೆ. ಸಮತಟ್ಟಿನ ಊರಿನವರು ಬೇಕಾದರೆ ನೋಡಲಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯದವರಿಗೆ ಇದು ಬೇಡ.

ಏಥರ್ 450, ಟಿವಿಎಸ್ ಐಕ್ಯೂಬ್, ಬಜಾಜ್ ಚೇತಕ್ ಈ ಏರನ್ನು ಸಲೀಸಾಗಿ ಹತ್ತುತ್ತವೆ. ಆದರೆ ನನ್ನ ಬಜೆಟ್‌ಗೆ ಅವುಗಳಲ್ಲಿ ಒಳ್ಳೆಯದು ಸಿಗಲಿಲ್ಲ. ಇನ್ನೊಂದು ತೊಡಕೂ ಇದೆ. ಅವುಗಳ ಬ್ಯಾಟರಿ ಗಾಡಿಯೊಳಗೇ ಕೂತಿರುತ್ತದೆ. ಆಟಿ ತಿಂಗಳ ಮಳೆಗೆ ನಮ್ಮ ದಾರಿ ಕೆಸರಾದರೆ ಗಾಡಿಯನ್ನು ಮೇಲೆ ದೊಡ್ಡಪ್ಪನವರ ಶೆಡ್‌ನಲ್ಲಿ ಬಿಟ್ಟು ಬರಬೇಕು. ಅಲ್ಲಿ ಪ್ಲಗ್ ಇಲ್ಲ. ಹಾಗಾಗಿ ತೆಗೆದು ಮನೆಗೆ ತರಬಹುದಾದ ಬ್ಯಾಟರಿಯೇ ಬೇಕು. 15 ಕಿಲೋ ಹೊತ್ತು ಇಳಿಯುವುದು ಕಷ್ಟವೇನಲ್ಲ, ಅಡಿಕೆ ಚೀಲ ಹೊತ್ತವರಿಗೆ.

ಮೇ ತಿಂಗಳು

ಗಡಿಯ ಆಚೆ, ಕರ್ನಾಟಕದಲ್ಲಿ, ಗಾಡಿಗಳು ಜಾಸ್ತಿ. ವಿಟ್ಲ, ಪುತ್ತೂರು, ಮಂಗಳೂರು ಕಡೆ ಇಲ್ಲಿಗಿಂತ ಅಗ್ಗಕ್ಕೂ ಸಿಗುತ್ತವೆ. ಪುತ್ತೂರಿನಲ್ಲಿ ಕೆಎ 21 ನಂಬರಿನ ಒಂದು ಗಾಡಿ ನಿಜಕ್ಕೂ ಚೆನ್ನಾಗಿತ್ತು. 36,000 ಹೇಳಿದರು. ಆದರೆ ಆರ್‌ಸಿಯಲ್ಲಿ ಫೈನಾನ್ಸ್‌ನವರ ಹೆಸರು ಇನ್ನೂ ಹಾಗೇ ಇತ್ತು. ಸಾಲ ತೀರಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು. ಫೈನಾನ್ಸ್‌ನವರಿಂದ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ), ಆರ್‌ಸಿಯಿಂದ ಅವರ ಹೆಸರು ತೆಗೆಸುವ ಫಾರಂ 35, ಆಮೇಲೆ ರಾಜ್ಯ ಬಿಡಲು ಫಾರಂ 28ರ ಎನ್‌ಒಸಿ, ಇಲ್ಲಿ ಕೇರಳದ ತೆರಿಗೆ, ಕಾಸರಗೋಡಿನ ಕೆಎಲ್ 14 ನಂಬರು. ಎಲ್ಲ ಕೂಡಿಸಿದರೆ ಉಳಿತಾಯ ಕರಗಿಹೋಗುತ್ತದೆ, ರಜೆಗಳು ಬೇರೆ ಖರ್ಚಾಗುತ್ತವೆ. ಗಡಿ ಹತ್ತಿರ ಇದ್ದವರಿಗೆ ಕೆಎ ಗಾಡಿಯನ್ನೇ ಹೀಗೇ ಓಡಿಸಿಕೊಂಡಿರುವ ಆಸೆ ಇರುತ್ತದೆ. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ನಂಬರು ಬದಲಾಯಿಸಲೇಬೇಕು. ಕೆಎಲ್ 14 ಮಾತ್ರ ಹುಡುಕುವುದು ಎಂದು ಆಮೇಲೆ ತೀರ್ಮಾನಿಸಿದೆ.

ಉಪ್ಪಳದಲ್ಲಿ ಒಂದು ಸಿಕ್ಕಿತು. ಬಾಡಿ ಫಳಫಳ. "ಬ್ಯಾಟರಿ ಹೊಸತು ಹಾಕಿದ್ದೇವೆ" ಅಂದರು. ಸೀಟು ಎತ್ತಿ ನೋಡಿದರೆ ನೀಲಿ ಪ್ಲಾಸ್ಟಿಕ್ ಸುತ್ತಿದ ಒಂದು ಕಟ್ಟು. ತಯಾರಿಸಿದವರ ಹೆಸರಿಲ್ಲ, ವೋಲ್ಟೇಜ್ ಇಲ್ಲ, ತಾರೀಕಿಲ್ಲ. ಸೆಲ್ ಯಾವುದು, ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಎಷ್ಟು ಆಂಪಿಯರಿನದು ಎಂದು ಕೇಳಿದರೆ "ಒಳ್ಳೆಯದೇ ಹಾಕಿದ್ದು" ಎಂಬ ಉತ್ತರ. ಬ್ಯಾಟರಿ ಸುರಕ್ಷತೆಗೆ ಎಐಎಸ್ 156 ಎಂಬ ನಿಯಮವಿದೆ. ಅದರ ಬಿಗಿ ಮಾಡಿದ ರೂಪ ಪೂರ್ತಿ ಜಾರಿಯಾದದ್ದು 2023ರ ಮಾರ್ಚ್ 31ರಿಂದ. ಅದಕ್ಕಿಂತ ಹಳೆ ಗಾಡಿ ತೆಗೆದುಕೊಳ್ಳಲೇಬಾರದು ಎಂದಲ್ಲ. ಹೆಸರಿಲ್ಲದ ಕಟ್ಟನ್ನು ರಾತ್ರಿ ಮನೆಯೊಳಗೆ ಚಾರ್ಜಿಗೆ ಇಟ್ಟು ನಿದ್ದೆ ಮಾಡಲು ನನ್ನಿಂದಾಗದು.

ಪತ್ತನಾಜೆ ಹೊತ್ತಿಗೆ (ಮೇ ಕೊನೆ)

ವಯರಿಂಗ್ ಕೆಲಸ ಮಾಡುವ ಭಾವನನ್ನು ಜೊತೆಗೆ ಕರೆದುಕೊಂಡು ಹೋಗತೊಡಗಿದೆ. ಅವನದು ಒಂದೇ ಮಾತು: "ಗಾಡಿ ಮತ್ತೆ ನೋಡುವ ಭಾವ, ಬ್ಯಾಟರಿ ಮೊದಲು."

ಅವನ ಮಾತಿನ ಹಿಂದಿನ ಲೆಕ್ಕ ಹೀಗಿದೆ. 40 ಮೀಟರ್ ಎತ್ತರದ ಗುಡ್ಡೆಯನ್ನು ಇಬ್ಬರು ಕೂತು ಹತ್ತಲು ಬೇಕಾಗುವ ವಿದ್ಯುತ್ತು ಸುಮಾರು 30 ವ್ಯಾಟ್ ಅವರ್ (ಸಾವಿರ ವ್ಯಾಟ್ ಅವರ್, ಅಂದರೆ ಒಂದು ಕಿಲೋವ್ಯಾಟ್ ಅವರ್, ಬಿಲ್ಲಿನ ಒಂದು ಯೂನಿಟ್). ಸಮತಟ್ಟಿನಲ್ಲಿ ಒಂದು ಕಿ.ಮೀ. ಓಡಿಸಿದಷ್ಟೇ. ಹಾಗಾದರೆ ಹಳೆ ಗಾಡಿ ಏರಿನಲ್ಲೇ ಯಾಕೆ ಕೈಕೊಡುತ್ತದೆ? ಆ 30ನ್ನು ಒಂದೂಕಾಲು ನಿಮಿಷದೊಳಗೆ ಕೊಡಬೇಕು, ಅದಕ್ಕೆ. 60 ವೋಲ್ಟ್ ಬ್ಯಾಟರಿಯಿಂದ 25 ಆಂಪಿಯರ್ ಹತ್ತಿರ ಎಳೆಯುತ್ತದೆ. ಒಳ್ಳೆಯ ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, 0.1 ಓಮ್ ಇದ್ದರೆ ವೋಲ್ಟೇಜ್ ಎರಡೂವರೆ ಇಳಿಯುತ್ತದೆ, ಅಷ್ಟೇ. ಹಳತಾಗಿ ಅದು 0.3 ಆದರೆ ಏಳೂವರೆ ಇಳಿಯುತ್ತದೆ. ಚಾರ್ಜ್ ಮೊದಲೇ ಕಡಿಮೆ ಇದ್ದರೆ ಬಿಎಂಎಸ್ ತಟ್ಟನೆ ಕಟ್ ಮಾಡುತ್ತದೆ. ಪರದೆಯಲ್ಲಿ 20% ತೋರಿಸುತ್ತಿರುವಾಗಲೇ ಗಾಡಿ ಸತ್ತುಹೋಗುವುದು ಹೀಗೆ. ಮಾರುವವರು ಫುಲ್ ಚಾರ್ಜ್ ಮಾಡಿ ಸಮತಟ್ಟಿನಲ್ಲಿ ಒಂದು ಸುತ್ತು ಹೊಡೆಸಿದರೆ ಇದು ಯಾವುದೂ ಗೊತ್ತಾಗುವುದಿಲ್ಲ.

ಮುಳ್ಳೇರಿಯದಲ್ಲಿ ನಿವೃತ್ತ ಮಾಷ್ಟ್ರೊಬ್ಬರ ಗಾಡಿ ಇತ್ತು. ಕೆಎಲ್ 14, ಹಸಿರು ಪ್ಲೇಟು, ಸಾಲವಿಲ್ಲ. 1.2 ಕಿಲೋವ್ಯಾಟ್ ಹಬ್ ಮೋಟಾರ್, ಅಂದರೆ ಚಕ್ರದೊಳಗೇ ಇರುವ ಮೋಟಾರ್. ತೆಗೆಯಬಹುದಾದ 60 ವೋಲ್ಟ್, 30 ಆಂಪಿಯರ್ ಅವರ್ ಬ್ಯಾಟರಿ, ಅಂದರೆ ಹೊಸದಿದ್ದಾಗ 1.8 ಕಿಲೋವ್ಯಾಟ್ ಅವರ್. ಸೆಲ್ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಎಂದು ಲೇಬಲ್‌ನಲ್ಲೇ ಇದೆ. ಎಲ್‌ಎಫ್‌ಪಿಯ ಆಯುಷ್ಯ ಚೆನ್ನಾಗಿರುತ್ತದೆ. ಆದರೆ ಮಲ್ಟಿಮೀಟರ್ ಹಿಡಿದು ಅದರ ಆರೋಗ್ಯ ಹೇಳಲಾಗದು. ಮುಕ್ಕಾಲು ಭಾಗ ಖಾಲಿಯಾಗುವವರೆಗೂ ವೋಲ್ಟೇಜ್ ಹೆಚ್ಚು ಕಡಿಮೆ ಒಂದೇ ತೋರಿಸುತ್ತದೆ.

ಅದಕ್ಕೆ ಭಾವ ಯೂನಿಟ್ ತೋರಿಸುವ 16 ಆಂಪಿಯರಿನ ಪ್ಲಗ್ ತಂದಿದ್ದ. ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿ ಆಚೀಚೆಗೆ ಸಿಗುವ ಸಾಮಾನು. ನಾನು ಕೇಳಿದೆ, "ಮಾಷ್ಟ್ರೇ, ಒಂದು ದಿನ ಗಾಡಿ ನಮ್ಮ ಹತ್ತಿರ ಇರಲಿ. ಬ್ಯಾಟರಿ ಖಾಲಿ ಮಾಡಿ, ಮತ್ತೆ ತುಂಬಿಸಿ ನೋಡ್ತೇವೆ."

"ಧಾರಾಳ ನೋಡಿ. ಗುಡ್ಡೆಯಲ್ಲಿ ನಿಂತರೆ ಮಾತ್ರ ನನಗೆ ಫೋನ್ ಮಾಡಬೇಡಿ."

ಬದಿಯಡ್ಕ ರಸ್ತೆಯಲ್ಲಿ ಓಡಿಸಿ ಓಡಿಸಿ 15%ಗೆ ಇಳಿಸಿದೆವು. ಅಲ್ಲಿಂದ ನಮ್ಮ ಏರಿಗೆ, ಭಾವ ಹಿಂದೆ ಕೂತು. ಅವನದು ಒಳ್ಳೆಯ ತೂಕ. ಗಾಡಿ ನಿಧಾನವಾಯಿತು, ನಿಲ್ಲಲಿಲ್ಲ. ಮೇಲೆ ಮುಟ್ಟಿದಾಗ ಹಬ್ ಮುಟ್ಟಿ ನೋಡಿದರೆ ಬಿಸಿ ಇತ್ತು, ಕೈ ಇಡಲಾಗದಷ್ಟಲ್ಲ. ಆಮೇಲೆ 10% ಆದಾಗ ಚಾರ್ಜಿಗೆ ಹಾಕಿದೆವು. ತುಂಬುವಾಗ ಪ್ಲಗ್ ತೋರಿಸಿದ್ದು 1.6 ಯೂನಿಟ್. ಚಾರ್ಜರಿನಲ್ಲಿ ಹೋಗುವ ನಷ್ಟ ಕಳೆದರೆ ಬ್ಯಾಟರಿಗೆ ಸೇರಿದ್ದು 1.4ರಷ್ಟು. ಅದು 90% ಭಾಗ. ಪೂರ್ತಿಯ ಲೆಕ್ಕಕ್ಕೆ 1.55 ಆಗುತ್ತದೆ. ಅಂದರೆ ಹೊಸತರ ಶೇಕಡಾ 85 ಉಳಿದಿದೆ. ಪರದೆಯ 10% ಎಷ್ಟು ನಿಜವೋ, ಹಾಗಾಗಿ ನಾನು 80 ಎಂದೇ ಹಿಡಿದೆ.

ಚೌಕಾಸಿಗೆ ಇದೇ ಆಧಾರ. ಇಂಥದೇ ಹೊಸ ಬ್ಯಾಟರಿಗೆ 28,000 ಎಂದು ವಿಚಾರಿಸಿ ಇಟ್ಟಿದ್ದೆ. ಶೇಕಡಾ 80 ಉಳಿದಿದೆ ಎಂದು 80ರ ಬೆಲೆ ಕೊಡಲಾಗದು, ಯಾಕೆಂದರೆ 60ಕ್ಕೆ ಇಳಿದಾಗ ಅದು ನನ್ನ ಏರಿಗೆ ಪ್ರಯೋಜನವಿಲ್ಲ. 100ರಿಂದ 60ರವರೆಗಿನ ಆಯುಷ್ಯದಲ್ಲಿ ಅರ್ಧ ಮುಗಿದಿದೆ. ಬ್ಯಾಟರಿಗೆ 14,000. ಉಳಿದ ಗಾಡಿಗೆ 25,000. ಒಟ್ಟು 39,000. ಮಾಷ್ಟ್ರು 46,000 ಹೇಳಿದ್ದವರು ನನ್ನ ಕಾಗದ ನೋಡಿ, ಎರಡು ಸಲ ಕೂಡಿಸಿ, ಕಳೆದು, ಕೊನೆಗೆ "ಲೆಕ್ಕ ಸರಿ ಇದೆ" ಅಂದರು. ಗಣಿತದ ಮಾಷ್ಟ್ರು, ಪುಣ್ಯಕ್ಕೆ.

ಮಳೆ ಶುರುವಾದ ಮೇಲೆ

ಹೆಸರು ಬದಲಾಯಿಸುವ ಫಾರಂ 29, 30 ಸರಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಆಯಿತು. ಹೊಗೆ ಸರ್ಟಿಫಿಕೇಟಿನ ರಗಳೆ ಇಲ್ಲ. ಆರ್‌ಸಿ ಹೆಸರಿಗೆ ಬಂತು, ಇನ್ಶೂರೆನ್ಸ್ ಕೂಡ.

ಬ್ಯಾಟರಿಯ ಕನೆಕ್ಟರ್ ಬಿಚ್ಚಿದರೆ ಪಿನ್ನುಗಳಲ್ಲಿ ಹಸಿರು ಕಿಲುಬು. ಮೋಟಾರಿಗೆ, ಬ್ಯಾಟರಿಗೆ ಐಪಿ 67 ಎಂದು ಬರೆದಿರುತ್ತಾರೆ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಒಳಗೆ ನೀರು ಹೋಗದು ಎಂದು ಅರ್ಥ. ನಡುವಿನ ವಯರುಗಳಿಗೆ ಅಂಥ ಭರವಸೆ ಇಲ್ಲ. ಪಿನ್ನು ಉಜ್ಜಿ, ಗ್ರೀಸ್ ಹಚ್ಚಿದೆವು. ಹಬ್ ಮೋಟಾರಿನ ವಯರು ಆಕ್ಸಲ್ ಮೂಲಕ ಒಳಹೋಗುವ ಜಾಗದಲ್ಲಿ ಅದನ್ನು ಕೆಳಗೆ ಬಾಗಿಸಿ ಕಟ್ಟಿದೆವು. ನೀರು ಬಾಗಿದ ಕಡೆಯೇ ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ಹರಿಯುವುದಿಲ್ಲ.

ಮನೆಯ ಜಗಲಿಯ ಪ್ಲಗ್ಗಿಗೆ ಅರ್ತ್ ಇರಲಿಲ್ಲ. ಅರ್ತ್ ಎಳೆದು, ಲೋಡ್ ಜಾಸ್ತಿಯಾದರೆ ಕಟ್ ಆಗುವ ಬೇರೆ ಎಂಸಿಬಿ ಹಾಕಿ, ಕರೆಂಟ್ ಸೋರಿದರೆ ಕಟ್ ಮಾಡುವ ಇಎಲ್‌ಸಿಬಿಯ ದಾರಿಗೆ ತಂದದ್ದಕ್ಕೆ 1,700 ಆಯಿತು. ಭಾವ ಕೂಲಿ ತೆಗೆದುಕೊಳ್ಳಲಿಲ್ಲ, ಅದು ಸಾಮಾನಿನ ದುಡ್ಡು. ಗುಡುಗು ಕೇಳಿದರೆ ಚಾರ್ಜರ್ ಕಿತ್ತು ಇಡಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಧ್ಯಾಹ್ನದ ಸಿಡಿಲಿಗೆ ನಮ್ಮ ಊರಲ್ಲಿ ಎಷ್ಟು ಟಿವಿ, ಎಷ್ಟು ಮೋಡೆಮ್ ಹೋಗಿದೆ ಎಂದು ಎಲ್ಲರಿಗೂ ಗೊತ್ತು.

ಕರೆಂಟ್ ಬಿಲ್ಲಿನ ಲೆಕ್ಕವೂ ಹಾಕಿದೆ. ತಿಂಗಳಿಗೆ 22 ಯೂನಿಟ್ ಹತ್ತಿರ, ಎರಡು ತಿಂಗಳ ಬಿಲ್ಲಿಗೆ 44. ಪೆಟ್ರೋಲಿನ ಮುಂದೆ ಇದು ಏನೂ ಅಲ್ಲ. ಒಂದು ಮಾತ್ರ ನೋಡಿಕೊಳ್ಳಬೇಕು. ಇಲ್ಲಿ ಎರಡು ತಿಂಗಳಿಗೆ 500 ಯೂನಿಟ್ ದಾಟಿತೋ, ಮೊದಲ ಯೂನಿಟ್‌ನಿಂದಲೇ ಮೇಲಿನ ದರ ಬೀಳುತ್ತದೆ. ನಮ್ಮದು ಬೇಸಗೆಯಲ್ಲೂ ಅಷ್ಟು ಬರುವುದಿಲ್ಲ. ಎಸಿ ಇರುವ ಮನೆಯವರು ಹಳೆ ಬಿಲ್ ತೆಗೆದು ನೋಡುವುದು ಒಳ್ಳೆಯದು.

ಈಗಿನ ಖರ್ಚು: ಗಾಡಿ 39,000. ಕಾಗದಪತ್ರ, ಇನ್ಶೂರೆನ್ಸ್ 2,400. ವಯರಿಂಗ್ 1,700. ಹಿಂದಿನ ಟಯರ್ ಸವೆದಿದೆ, ಕೆಸರಿನ ಏರಿನಲ್ಲಿ ಜಾರುತ್ತದೆ. ಅದಕ್ಕೆ 1,500 ತೆಗೆದಿಟ್ಟಿದ್ದೇನೆ, ಸೀತಾಂಗೋಳಿಯಲ್ಲಿ ಈ ವಾರ ಹಾಕಿಸಬೇಕು. ದೀಪಾವಳಿ ಕಳೆದ ಮೇಲೆ ಭಾವನ ಪ್ಲಗ್ ಮತ್ತೆ ತಂದು, ಅದೇ 10%ನಿಂದ ತುಂಬಿಸಿ, 1.6 ಎಷ್ಟಕ್ಕೆ ಇಳಿದಿದೆ ಎಂದು ಬರೆಯುತ್ತೇನೆ.